ಬರೀ ಊಟಕ್ಕೆ ಅಂದರೆ ಒಪ್ಪೋದು ಕಷ್ಟ

ನಾಯಿಯ ನಿಯತ್ತೆಲ್ಲ ಊಟ ಹಾಕುವ ಕೈಗೆ ಮಾತ್ರ ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ಜಪಾನಿನ ಹಾಚಿಕೊ ಅನ್ನೋ ನಾಯಿಯನ್ನೇ ನೋಡಿ. ಯಜಮಾನರು 1925ರಲ್ಲಿ ತೀರಿಕೊಂಡರು. 1935ರಲ್ಲಿ ತಾನು ಸಾಯುವವರೆಗೂ ಅದು ಶಿಬುಯಾ ರೈಲ್ವೆ ಸ್ಟೇಷನ್ನಿಗೆ ಬಂದು ಅವರಿಗಾಗಿ ಕಾಯುತ್ತಿತ್ತು. ಊಟ ಹಾಕುವವರು ಬೇರೆ ಸಿಕ್ಕಿದ್ದರು ಅಲ್ವಾ?

ಅಷ್ಟು ದೂರ ಯಾಕೆ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿ ಅನ್ನೋ ನಾಯಿಗೆ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ್ದರು. ಕಾಡುಹಂದಿ ಜೊತೆ ಹೋರಾಡಿ ಸತ್ತ ನಾಯಿ ಅದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ದಯವಿಟ್ಟು ಒಮ್ಮೆ ನೋಡಿ ಬನ್ನಿ.

ಶ್ರೀನಿವಾಸಪುರದ ಹತ್ತಿರ ನಮ್ಮ ಚಿಕ್ಕಪ್ಪನ ಮಾವಿನ ತೋಪಿನಲ್ಲಿ ಒಂದು ನಾಟಿ ನಾಯಿ ಇತ್ತು. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಅದನ್ನು ಊರೊಳಗಿನ ಮನೆಗೆ ಕರೆತಂದರು. ಮುದ್ದೆ, ಸಾರು ಹಾಕಿದರೆ ತಿನ್ನುತ್ತಿತ್ತು, ತಿಂದ ಕೂಡಲೇ ತೋಪಿಗೆ ಓಟ. ಅಲ್ಲಿ ಚಿಕ್ಕಪ್ಪನ ಮಂಚದ ಕೆಳಗೇ ಮಲಗುತ್ತಿತ್ತು. ದಾರಿಯಲ್ಲಿ ಬೈಕ್ ಸದ್ದಾದರೆ ಕಿವಿ ನಿಮಿರಿಸಿ ಎದ್ದು ನಿಲ್ಲುತ್ತಿತ್ತು. ಬೇರೆಯವರು ಅಂತ ಗೊತ್ತಾದರೆ ಮತ್ತೆ ಹೋಗಿ ಮಲಗುತ್ತಿತ್ತು. ಮಾವಿನ ಕಾಯಿ ಇಲ್ಲದ ಕಾಲದಲ್ಲೂ ಅಷ್ಟೇ, ಅಲ್ಲಿ ಕಾಯೋಕೆ ಏನೂ ಇರುತ್ತಿರಲಿಲ್ಲ.

ಮಕ್ಕಳು ಕೇಳಿದರು ಅಂತ ಮರಿ ತಂದು, ಮನೆ ಬದಲಿಸುವಾಗ ಕೋಲಾರದ ಹೈವೇ ಪಕ್ಕ ಬಿಟ್ಟು ಹೋಗುವವರ ಬಗ್ಗೆಯೂ ಬರೆಯಿರಿ ಸಾರ್. ಅದು ಇನ್ನೂ ಜಾಸ್ತಿ ಜನಕ್ಕೆ ಮುಟ್ಟಬೇಕು.