ಫಾರಂ ನಂಬರ್ ಒನ್

ಕಳೆದ ತಿಂಗಳು ಕಾಸರಗೋಡು ಕಡೆಯ ನಮ್ಮೂರಿನ ಒಂದು ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಸಿಕ್ಕಿದ್ದು ಟೋಕನ್ ನಂಬರ್ 1. ಶಾಲೆಯ ಓಟದಿಂದ ಹಿಡಿದು ಮದುವೆ ಊಟದ ಪಂಕ್ತಿಯವರೆಗೆ ಯಾವುದರಲ್ಲೂ ಮೊದಲು ಬಂದವನಲ್ಲ ನಾನು. ಆ ಚೀಟಿಯನ್ನು ಎರಡೆರಡು ಸಲ ತೆಗೆದು ನೋಡಿದೆ. ಹನ್ನೊಂದು ಗಂಟೆಗೆ ಕಿಟಕಿಯಾಚೆಯಿಂದ ಅರ್ಜಿ ತಿರುಗಿ ಬಂತು. ಕನ್ನಡದಲ್ಲಿ ಬರೆದದ್ದು ಆಗುವುದಿಲ್ಲವಂತೆ, ಮಲಯಾಳದ ಫಾರಂ ಬೇಕಂತೆ. ಅದು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ತುಂಬಿಸಿಕೊಡುವವನೂ ಅಲ್ಲೇ ಸಿಗುತ್ತಾನೆ. ಎಲ್ಲ ಮುಗಿಸಿ ಬರುವಷ್ಟರಲ್ಲಿ ನನ್ನ ಟೋಕನ್ 23, ಕಿಟಕಿಯವರಿಗೆ ಊಟದ ಹೊತ್ತು.

ಸಂಜೆ ಈ ಸಂಕಟವನ್ನು ತೋಡಿಕೊಂಡದ್ದು ತಂಗಿಯ ಮನೆಯ ಜಗಲಿಯಲ್ಲಿ. ಅಳಿಯ ಫಾರ್ಮುಲಾ ಒನ್ ಕಾರ್ ರೇಸಿನ ಹುಚ್ಚಿನವನು, ಫೋನಿನಿಂದ ತಲೆಯೆತ್ತದೆ ಸಮಾಧಾನ ಹೇಳಿದ. "ಮಾವ, ನಿಮಗಾದದ್ದು ಹೊಸತಲ್ಲ. ಮೊದಲು ಬಂದವನಿಗೆ ಬಹುಮಾನ ಇಲ್ಲ ಅನ್ನುವುದು 1894ರಿಂದಲೇ ಉಂಟು."

ಆ ವರ್ಷ ಪ್ಯಾರಿಸ್ಸಿನ ಒಂದು ಪತ್ರಿಕೆ ಕುದುರೆಯಿಲ್ಲದ ಬಂಡಿಗಳ ಸ್ಪರ್ಧೆ ಇಟ್ಟಿತಂತೆ, ಪ್ಯಾರಿಸ್ಸಿನಿಂದ ರುವಾನ್‌ಗೆ 126 ಕಿಲೋಮೀಟರ್. ಕೌಂಟ್ ದ ದಿಯೋನ್ ಎಂಬ ಶ್ರೀಮಂತ ತನ್ನ ಉಗಿಬಂಡಿಯಲ್ಲಿ ಎಲ್ಲರಿಗಿಂತ ಮೊದಲು ತಲುಪಿದ. ಗಂಟೆಗೆ ಸುಮಾರು 19 ಕಿಲೋಮೀಟರ್ ವೇಗ. ನಡುವೆ ಮಾಂತ್ ಎಂಬ ಊರಿನಲ್ಲಿ ಎಲ್ಲರಿಗೂ ಊಟದ ಬಿಡುವು. (ಊಟದ ಬಿಡುವು ಎಂದಾಗ ನನಗೆ ಕಿಟಕಿ ನೆನಪಾಯಿತು.) ತಲುಪಿದ ಮೇಲೆ ತೀರ್ಪುಗಾರರು ನಿಯಮ ತೆಗೆದರು: ಬಂಡಿ ಸುಲಭವಾಗಿ ನಡೆಸುವಂತಿರಬೇಕು, ಇವನದಕ್ಕೆ ಬೆಂಕಿ ನೋಡಿಕೊಳ್ಳಲು ಇನ್ನೊಬ್ಬ ಆಳು ಬೇಕು. ಹಾಗಾಗಿ ಮೊದಲ ಬಹುಮಾನ ಹಿಂದೆ ಬಂದ ಪೂಜೋ ಮತ್ತು ಪನಾರ್ ಬಂಡಿಗಳಿಗೆ ಹಂಚಿಹೋಯಿತು.

ಮರುವರ್ಷದ ಕಥೆ ಇನ್ನೂ ಚಂದ. ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಪ್ಯಾರಿಸ್ಸಿಗೇ ವಾಪಸ್, ಸುಮಾರು 1,178 ಕಿಲೋಮೀಟರ್. ಎಮಿಲ್ ಲೆವಾಸೋರ್ ಎಂಬಾತ 48 ಗಂಟೆ 48 ನಿಮಿಷಗಳಲ್ಲಿ ಮುಗಿಸಿದ. ಗಂಟೆಗೆ 24 ಕಿಲೋಮೀಟರ್. ಹೆದ್ದಾರಿ ಅಗೆದು ಹಾಕಿದ್ದ ವರ್ಷಗಳಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದವರಿಗೆ ಇದು ಎಂಥ ವೇಗವೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯವನಿಗಿಂತ ಗಂಟೆಗಟ್ಟಲೆ ಮುಂದೆ ಬಂದಿದ್ದ ಅವನಿಗೂ ಮೊದಲ ಬಹುಮಾನ ಸಿಗಲಿಲ್ಲ. ಅವನ ಬಂಡಿಗೆ ಎರಡೇ ಸೀಟು, ನಿಯಮದ ಪ್ರಕಾರ ನಾಲ್ಕು ಬೇಕಿತ್ತು. ಸುಮಾರು ಹನ್ನೊಂದು ಗಂಟೆ ತಡವಾಗಿ ಬಂದ ನಾಲ್ಕು ಸೀಟಿನ ಪೂಜೋ ಗೆದ್ದಿತು. ಇಂದು ಒಂದೇ ಸೀಟಿನ ಮೇಲೆ ಕೋಟಿಗಟ್ಟಲೆ ಡಾಲರ್ ಸುರಿಯುವ ಆಟದ ಮೂಲಪುರುಷ ಸೋತದ್ದು ಸೀಟು ಕಡಿಮೆಯಾಯಿತೆಂದು!

ಸೀಟಿನ ಪುರಾಣ ಅಲ್ಲಿಗೇ ಮುಗಿಯುವುದಿಲ್ಲ. ಬಹುಕಾಲ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. 1906ರಲ್ಲಿ ಲೆ ಮಾನ್ಸ್‌ನಲ್ಲಿ ನಡೆದ ಮೊದಲ ಫ್ರೆಂಚ್ ಗ್ರ್ಯಾನ್ ಪ್ರಿ ಎಂಬ ದೊಡ್ಡ ರೇಸಿನಲ್ಲಿ ದಾರಿ ಮಧ್ಯೆ ಟೈರು ಬದಲಿಸುವುದಕ್ಕೂ ಅವರಿಬ್ಬರೇ. ಆಮೇಲೆ ಅಪಘಾತಗಳಲ್ಲಿ ಮೆಕ್ಯಾನಿಕ್‌ಗಳು ಸಾಯತೊಡಗಿದಾಗ 1925ರಲ್ಲಿ ಅವರನ್ನು ಇಳಿಸಿದರು. ಸೀಟನ್ನು ಮಾತ್ರ ಇಳಿಸಲಿಲ್ಲ. ಪಕ್ಕದಲ್ಲಿ ಯಾರೂ ಕೂರಬಾರದು, ಆದರೆ ಕೂರುವ ಜಾಗ ಇರಲೇಬೇಕು. ನನಗೆ ಇದು ಚಟ್ಟನೆ ಅರ್ಥವಾಯಿತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈಚೆಗೆ ಗಡಿನಾಡಿನ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು ಇರುವುದೇ ಈ ಮಾದರಿಯಲ್ಲಿ. ಸೀಟು ಕಾಗದದಲ್ಲಿ ಭದ್ರವಾಗಿರುತ್ತದೆ. ಕೂರುವವನು ಬಂದಿರುವುದಿಲ್ಲ, ಬಂದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡವೇ ಬಾರದ ಮಾಷ್ಟ್ರು ಬಂದಿರುತ್ತಾರೆ. ಯುರೋಪಿನವರಿಗೆ ನಮ್ಮಷ್ಟು ತಾಳ್ಮೆ ಇರಲಿಲ್ಲ ಎಂದು ಕಾಣುತ್ತದೆ. ಎರಡು ವರ್ಷಗಳಲ್ಲೇ ಆ ನಿಯಮ ಬಿಟ್ಟರು, 1932ರಲ್ಲಿ ಆಲ್ಫಾ ರೋಮಿಯೋ ಒಂದೇ ಸೀಟಿನ ಪಿ3 ಕಾರನ್ನು ಗ್ರ್ಯಾನ್ ಪ್ರಿಗೆ ಇಳಿಸಿತು.

"ಇದಕ್ಕೆಲ್ಲ ಫಾರ್ಮುಲಾ ಅಂತ ಯಾಕೆ ಹೆಸರು? ನಮ್ಮ ಕಾಲದಲ್ಲಿ ಅದು ಗಣಿತದಲ್ಲಿತ್ತು" ಎಂದು ಕೇಳಿದೆ.

"ಫಾರ್ಮುಲಾ ಅಂದರೆ ನಿಯಮಗಳ ಕಟ್ಟು ಮಾವ. ಯುದ್ಧ ಮುಗಿದ ಮೇಲೆ 1946ರಲ್ಲಿ ಕೂತು ಬರೆದದ್ದು."

ಅಂದರೆ ಇಷ್ಟು ದಿನ ನಾನು ತಪ್ಪು ತಿಳಿದಿದ್ದೆ. ಒನ್ ಎಂದರೆ ಮೊದಲು ಬಂದವನಲ್ಲ, ಕಟ್ಟಿನ ನಂಬರು. ನಮ್ಮ ಕಚೇರಿ ಭಾಷೆಯಲ್ಲಿ ಫಾರಂ ನಂಬರ್ ಒನ್. ಆ ಕಟ್ಟನ್ನು ಹಿಡಿದುಕೊಂಡು 1950ರ ಮೇ 13ರಂದು ಸಿಲ್ವರ್‌ಸ್ಟೋನ್ ಎಂಬ ಹಳೆಯ ಯುದ್ಧವಿಮಾನ ನಿಲ್ದಾಣದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ರೇಸ್ ನಡೆಸಿದರು. ಗೆದ್ದವನು ಜುಸೆಪ್ಪೆ ಫರೀನಾ, ನೋಡಲು ಬಂದವನು ಇಂಗ್ಲೆಂಡಿನ ರಾಜ. ಗೆದ್ದವನೇ ಗೆದ್ದ ಎಂದಾಯಿತು. ಆರಂಭದಲ್ಲಿ ಹೀಗೆ ಕೆಲವು ಲೋಪಗಳು ಆಗುವುದು ಸಹಜ.

ಇಲ್ಲಿ ಭಾವನ ಪ್ರವೇಶವಾಯಿತು. ಅಳಿಯನ ಅಪ್ಪ, ಪೈವಳಿಕೆ ಕಂಬಳಕ್ಕೆ ಒಂದು ವರ್ಷವೂ ತಪ್ಪದವರು. ಬಾಯಲ್ಲಿ ಎಲೆಯಡಿಕೆ ತುಂಬಿದ್ದರಿಂದ ಅಷ್ಟು ಹೊತ್ತು ಸುಮ್ಮನಿದ್ದರು. ಅಂಗಳಕ್ಕೆ ಉಗಿದು ಬಂದು ಕೇಳಿದರು: "ಮೊದಲು ಬಂದವನನ್ನು ಈಗಲೂ ಸೋಲಿಸ್ತಾರಾ?"

ಅಳಿಯನಿಗೆ ಅಷ್ಟೇ ಬೇಕಿತ್ತು. 2024ರ ಬೆಲ್ಜಿಯಂ ರೇಸಿನಲ್ಲಿ ಜಾರ್ಜ್ ರಸೆಲ್ ಮೊದಲು ಬಂದು ಬಹುಮಾನವನ್ನೂ ಎತ್ತಿ ಹಿಡಿದ. ಆಮೇಲೆ ಕಾರನ್ನು ತೂಕಕ್ಕೆ ಹಾಕಿದರೆ 798 ಕಿಲೋ ಇರಬೇಕಾದದ್ದು 796.5. ಗೆಲುವು ಎರಡನೆಯವನಿಗೆ ಹೋಯಿತು. "ಒಂದೂವರೆ ಕಿಲೋ!" ಎಂದರು ಭಾವ. "ನಮ್ಮ ಅಡಿಕೆ ತೂಗುವವನು ಒಂದು ಗೋಣಿಗೆ ಅಷ್ಟನ್ನು ಲೆಕ್ಕವೇ ಮಾಡುವುದಿಲ್ಲ." 2025ರ ಲಾಸ್ ವೇಗಸ್‌ನಲ್ಲಿ ಮೆಕ್‌ಲಾರೆನ್ ತಂಡದ ಎರಡೂ ಕಾರುಗಳನ್ನು ಫಲಿತಾಂಶದಿಂದ ಹೊರಗೆ ಹಾಕಿದರು. ಕಾರಿನ ಹೊಟ್ಟೆಯಡಿಗೆ ಒಂದು ಹಲಗೆ ಉಂಟು. 1994ರಲ್ಲಿ ಇಮೋಲಾದಲ್ಲಿ ಸೆನ್ನಾ ಮತ್ತು ರಾಟ್ಜೆನ್‌ಬರ್ಗರ್ ಎಂಬ ಚಾಲಕರು ಸತ್ತ ಮೇಲೆ ಕಾರುಗಳ ವೇಗ ತಗ್ಗಿಸಲು ಹಾಕಿಸಿದ್ದು. ಹೊಸತಿರುವಾಗ 10 ಮಿಲಿಮೀಟರ್ ದಪ್ಪ, ಸವೆದರೂ 9ಕ್ಕಿಂತ ಕೆಳಗೆ ಹೋಗಬಾರದು. ಅವರದು ಕೂದಲೆಳೆಯಷ್ಟು ಹೆಚ್ಚು ಸವೆದಿತ್ತು.

ಹಲಗೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಭಾವ ನೆಟ್ಟಗೆ ಕೂತರು. "ನಮ್ಮಲ್ಲೂ ಹಲಗೆ ಉಂಟು. ಅಡ್ಡಹಲಗೆ, ಕನೆಹಲಗೆ. ಓಡಿಸುವವನು ಅದರ ಮೇಲೆ ನಿಲ್ಲುತ್ತಾನೆ, ಎಲ್ಲರಿಗೂ ಕಾಣುತ್ತದೆ. ಕನೆಹಲಗೆಯಲ್ಲಿ ಮೊದಲು ಬಂದವನಿಗೆ ಬಹುಮಾನ ಇಲ್ಲ ಸರಿ, ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎತ್ತರ. ಆದರೆ ನೀರು ಮೇಲೆ ಹೋದದ್ದು ಇಡೀ ಊರಿಗೆ ಕಾಣುತ್ತದಲ್ಲ! ಹೊಟ್ಟೆಯಡಿ ಇಟ್ಟು ರಾತ್ರಿ ಅಳೆಯುವ ಹಲಗೆ ಎಂತ ಹಲಗೆ?"

ಅಳಿಯ ಮಳೆಯ ಕಥೆ ತೆಗೆದ. 2021ರಲ್ಲಿ ಅದೇ ಬೆಲ್ಜಿಯಂನಲ್ಲಿ ಮಳೆ ಬಿಡಲಿಲ್ಲ. ಜನ ಗಂಟೆಗಟ್ಟಲೆ ನೆನೆದ ಮೇಲೆ ಅಪಾಯವಿದ್ದಾಗ ಎಲ್ಲರ ಮುಂದೆ ನಿಧಾನವಾಗಿ ಹೋಗುವ ಸೇಫ್ಟಿ ಕಾರಿನ ಹಿಂದೆ ಎಲ್ಲರನ್ನೂ ಶಾಲೆ ಮಕ್ಕಳ ಸಾಲಿನಂತೆ ಮೂರು ಸುತ್ತು ಕರೆದುಕೊಂಡು ಹೋಗಿ ನಿಲ್ಲಿಸಿದರು. ಯಾರೂ ಯಾರನ್ನೂ ದಾಟಲಿಲ್ಲ, ದಾಟುವ ಹಾಗೂ ಇರಲಿಲ್ಲ. ಆದರೂ ರೇಸ್ ನಡೆದಿದೆ ಎಂದು ಬರೆದುಕೊಂಡು ಅರ್ಧ ಅಂಕ ಹಂಚಿದರು. ಮಳೆಗೆ ಆಟ ನಿಂತದ್ದನ್ನು ಭಾವ ನಂಬಲೇ ಇಲ್ಲ. ಕೆಸರು ನೀರಿಲ್ಲದೆ ಆಟವೇ ಶುರುವಾಗದ ಊರಿನವರು ಅವರು.

ನನಗೆ ಹಿಡಿಸಿದ್ದು ಮಾತ್ರ ಮುಚ್ಚಳದ ಪ್ರಕರಣ. 2023ರ ಲಾಸ್ ವೇಗಸ್. ಊರಿನ ರಸ್ತೆಯನ್ನೇ ಟ್ರ್ಯಾಕ್ ಮಾಡಿದ್ದರು. ಅಭ್ಯಾಸ ಶುರುವಾಗಿ ಹತ್ತು ನಿಮಿಷ ಆಗುವುದರೊಳಗೆ ರಸ್ತೆಯ ನೀರಿನ ಗುಂಡಿಯ ಮುಚ್ಚಳ ಎದ್ದು ಕಾರ್ಲೋಸ್ ಸೈನ್ಸ್‌ನ ಫೆರಾರಿಯ ಹೊಟ್ಟೆ ಸೀಳಿತು. ಬ್ಯಾಟರಿ ಹೋಯಿತು. ಹೊಸ ಬ್ಯಾಟರಿ ಹಾಕಿದರು. ಅದು ವರ್ಷಕ್ಕೆ ಗೊತ್ತು ಮಾಡಿದ ಲೆಕ್ಕ ಮೀರಿದ್ದರಿಂದ ಸೈನ್ಸ್‌ಗೆ ಹತ್ತು ಸ್ಥಾನ ಹಿಂದಿನಿಂದ ಹೊರಡುವ ಶಿಕ್ಷೆ. ತಪ್ಪು ಅವನದಲ್ಲ ಎಂದು ತೀರ್ಪುಗಾರರೂ ಒಪ್ಪಿದರು, ವಿನಾಯಿತಿ ಕೊಡಲು ನಿಯಮದಲ್ಲಿ ಜಾಗವಿಲ್ಲ ಎಂದರು. ಸರ್ವಿಸ್ ರೋಡಿನ ಚರಂಡಿ ಚಪ್ಪಡಿಗೆ ಚಕ್ರ ಸಿಕ್ಕಿಸಿಕೊಂಡು, ನಂಬರ್ ಪ್ಲೇಟ್ ಒಡೆದಿದೆ ಎಂದು ದಂಡವನ್ನೂ ಕಟ್ಟಿದ ನಮ್ಮ ಕಡೆಯ ರಿಕ್ಷಾದವರಿಗೆ ಸೈನ್ಸ್ ಅಣ್ಣನಂತೆ ಕಂಡರೆ ಆಶ್ಚರ್ಯವಿಲ್ಲ.

2023ರಲ್ಲೇ ಆಸ್ಟ್ರಿಯಾದಲ್ಲಿ ಟ್ರ್ಯಾಕಿನ ಅಂಚಿನ ಬಿಳಿ ಗೆರೆ ದಾಟಿದ ಅನುಮಾನದ ಪ್ರಕರಣಗಳು 1,200ಕ್ಕೂ ಹೆಚ್ಚು. ಎಲ್ಲವನ್ನೂ ನೋಡಿ ಮುಗಿಸಿ ಶಿಕ್ಷೆ ಹಂಚುವಾಗ ಜನ ಮನೆ ಸೇರಿದ್ದರು. ಬಾಯಿಗೂ ಗೆರೆ ಉಂಟು. 2024ರಲ್ಲಿ ಸಿಂಗಾಪುರದ ಪತ್ರಿಕಾಗೋಷ್ಠಿಯಲ್ಲಿ ಮ್ಯಾಕ್ಸ್ ವೆರ್ಸ್ಟಾಪನ್ ತನ್ನ ಕಾರನ್ನೇ ಒಂದು ಕೆಟ್ಟ ಶಬ್ದದಿಂದ ಬೈದ ತಪ್ಪಿಗೆ ಸಾರ್ವಜನಿಕ ಸೇವೆ ಮಾಡಬೇಕಾಯಿತು. ಈ ನಿಯಮ ನಮ್ಮ ಖಾಸಗಿ ಬಸ್ಸುಗಳಿಗೆ ಬಂದರೆ ತಲಪಾಡಿಯಿಂದ ಕಾಸರಗೋಡಿನವರೆಗೆ ಸಾರ್ವಜನಿಕ ಸೇವೆಗೆ ಆಳು ಸಾಲದೆ ಹೋಗುವ ಭಯವಿಲ್ಲ.

ನಮ್ಮ ದೇಶಕ್ಕೂ ಈ ಆಟ ಬಂದಿತ್ತು. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ಮೂರು ರೇಸ್, ಮೂರನ್ನೂ ಸೆಬಾಸ್ಟಿಯನ್ ವೆಟ್ಟಲ್ ಗೆದ್ದ. ಕೊನೆಯದರಲ್ಲಿ ನಾಲ್ಕನೇ ಸಲ ವಿಶ್ವ ಚಾಂಪಿಯನ್ ಆದ ಖುಷಿಗೆ ಕಾರನ್ನು ಗಿರಗಿರನೆ ತಿರುಗಿಸಿ, ಇಳಿದು ಕಾರಿಗೇ ಅಡ್ಡಬಿದ್ದ. ಭಕ್ತಿಗೆ 25,000 ಯೂರೋ ದಂಡ ಬಿತ್ತು. ಅಷ್ಟರಲ್ಲಿ ನಮ್ಮ ಸರಕಾರಗಳಿಗೆ ಬೇರೆಯೇ ಸಂಶಯ: ಇದು ಕ್ರೀಡೆಯೋ ಮನರಂಜನೆಯೋ? ಉತ್ತರ ಪ್ರದೇಶ ಮನರಂಜನೆ ಎಂದಿತು, ತೆರಿಗೆಯ ಜಗಳ ಬೆಳೆಯಿತು, ರೇಸ್ ಊರು ಬಿಟ್ಟಿತು. ಆದಾಯ ತೆರಿಗೆಯ ಇನ್ನೊಂದು ಜಗಳ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2017ರಲ್ಲಿ, ಆಗ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಕಾರೇ ಇರಲಿಲ್ಲ. "ಕಂಬಳವನ್ನೂ ಕೋರ್ಟಿಗೆ ಎಳೆದರಲ್ಲ" ಎಂದರು ಭಾವ. "2014ರಲ್ಲಿ ನಿಂತದ್ದು, ಕಾನೂನು ಸರಿ ಉಂಟು ಅಂತ ಕೊನೆಯ ತೀರ್ಪು ಬಂದದ್ದು 2023ರಲ್ಲಿ. ಆದರೆ ನಮ್ಮ ಕೋಣ ಊರು ಬಿಟ್ಟು ಓಡಲಿಲ್ಲ."

2026ರಿಂದ ಹೊಸ ಕಟ್ಟು. ಹನ್ನೊಂದು ತಂಡ, ಕಾರಿನ ಶಕ್ತಿಯಲ್ಲಿ ಹತ್ತಿರಹತ್ತಿರ ಅರ್ಧ ಬ್ಯಾಟರಿಯದು. ಅದನ್ನು ಉಳಿಸಲು ತಿರುವು ಬರುವ ಮೊದಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಇಳಿಜಾರು ಕಂಡಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ನಮ್ಮ ಜೀಪಿನವರು ಈ ವಿದ್ಯೆಯಲ್ಲಿ ಮೂವತ್ತು ವರ್ಷ ಮುಂದಿದ್ದಾರೆ. ಖರ್ಚಿಗೂ ಮಿತಿ ಉಂಟಂತೆ, ವರ್ಷಕ್ಕೆ 21.5 ಕೋಟಿ ಡಾಲರ್. ಚಾಲಕರ ಸಂಬಳ ಅದರಲ್ಲಿ ಸೇರುವುದಿಲ್ಲ. ನಮ್ಮ ಚುನಾವಣಾ ಖರ್ಚಿನ ಲೆಕ್ಕ ನೋಡಿ ಬರೆದಂತಿದೆ.

ಅಷ್ಟರಲ್ಲಿ ಅಳಿಯನ ಫೋನಿನಲ್ಲಿ ರೇಸ್ ಮುಗಿಯಿತು. ಬಾವುಟ ಬೀಸಿದರು, ಒಬ್ಬ ಕಾರಿನಿಂದ ಇಳಿದು ಕುಣಿದ. "ಗೆದ್ದದ್ದು ಯಾರು?" ಎಂದರು ಭಾವ.

"ಈಗ ಹೇಳ್ಲಿಕ್ಕೆ ಆಗುವುದಿಲ್ಲ ಅಪ್ಪ. ಬೆಳಿಗ್ಗೆ ನೋಡಬೇಕು."

ಭಾವ ತೊಡೆ ತಟ್ಟಿ ನಕ್ಕರು. ಅಳಿಯನೂ ಬಿಡುವವನಲ್ಲ. "ಕಳೆದ ಸಲ ನಿಮ್ಮ ಕಂಬಳದ ಹಗ್ಗ ಕಿರಿಯ ವಿಭಾಗದ ಫೈನಲ್ ಎಷ್ಟು ಹೊತ್ತಿಗೆ ಆಯಿತು?"

"ಅದು... ಓಟ ಹೊರಡುವ ಗಂತಿನಲ್ಲಿ ಕೋಣ ಬಿಡುವಾಗ ಸ್ವಲ್ಪ ತಡ ಆಯಿತು."

"ಎಷ್ಟು ಹೊತ್ತಿಗೆ?"

"ಮರುದಿನ ಮಧ್ಯಾಹ್ನ" ಎಂದು ಭಾವ ಎಲೆಗೆ ಸುಣ್ಣ ಹಚ್ಚತೊಡಗಿದರು.

ನನ್ನ ಫೋನು ಕಿಣಿ ಎಂದಿತು. ಮಲಯಾಳದ ಎಸ್ಸೆಮ್ಮೆಸ್. ಕನ್ನಡಕ ಒಳಗಿತ್ತು, ಇದ್ದರೂ ಪ್ರಯೋಜನವಿರಲಿಲ್ಲ. ಅಳಿಯನ ಕೈಗೆ ಕೊಟ್ಟೆ. ಅವನು ಎರಡು ಫೋನುಗಳನ್ನೂ ಒಮ್ಮೆ ನೋಡಿ ಹೇಳಿದ: "ಪರಿಶೀಲನೆಯಲ್ಲಿ ಉಂಟಂತೆ."

"ಯಾವುದು?" ಎಂದರು ಭಾವ.