ಹಳೇ ಫೈಲ್ ಇದ್ದರೆ ತನ್ನಿ

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತನಾದವನೊಬ್ಬ ಊರಿನಲ್ಲಿ ತನ್ನದೇ ಒಂದು ಪುಟ್ಟ ಚಿಕಿತ್ಸಾಲಯ ತೆರೆಯಲು ಹೊರಟರೆ, ಕಾನೂನು ಅವನಿಂದ ಕೇಳುವುದು ಬಹಳವೇನಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯಂತೆ ಅವನ ಹೆಸರು ರಾಜ್ಯ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನನ್ನದು ಆಗಿತ್ತು, ಐದು ವರ್ಷಕ್ಕೊಮ್ಮೆ ನವೀಕರಣವೂ ಆಗುತ್ತಿತ್ತು. ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಬೇಕು. ಸೂಜಿ, ಹತ್ತಿ, ಬ್ಯಾಂಡೇಜುಗಳನ್ನು ಬೀದಿಯ ಕಸಕ್ಕೆ ಎಸೆಯದಂತೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಎಕ್ಸ್-ರೇ ಯಂತ್ರವನ್ನೂ ಇಡುವ ಆಸೆಯಿದ್ದರೆ ಮುಂಬಯಿಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರೆಗೂ ಅರ್ಜಿ ಹೋಗಬೇಕಾಗುತ್ತದೆ. ಈ ಕೊನೆಯದನ್ನು ಕೇಳಿದ ನನ್ನ ಹೆಂಡತಿ, "ಮೊದಲು ನಗರಸಭೆಯ ಮೆಟ್ಟಿಲು ಹತ್ತಿ ಇಳಿದು ಬನ್ನಿ, ಪರಮಾಣುವಿನ ವಿಚಾರ ಆಮೇಲೆ ನೋಡೋಣ" ಎಂದಳು. ಆಕೆ ಸದಾ ವಾಸ್ತವವಾದಿ.

ಪರವಾನಗಿ ವಿಭಾಗದ ಗುಮಾಸ್ತರು ನಿಜಕ್ಕೂ ಸಜ್ಜನರು. ಅವರ ಮಾವನ ಮನೆಯ ಜರ್ಸಿ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಾಗ ನಡುರಾತ್ರಿ ಹೋಗಿ ಬಿಡಿಸಿದವನು ನಾನೇ ಆದ್ದರಿಂದ, ನನ್ನನ್ನು ಕಂಡೊಡನೆ ಎದ್ದು ನಿಂತು ಕುರ್ಚಿ ಕೊಟ್ಟರು. ಅರ್ಜಿಯನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿ, "ಡಾಕ್ಟ್ರೇ, ನಿಮ್ಮ ಕೆಲಸ ಅಂದ್ರೆ ನಮ್ಮನೆ ಕೆಲಸ ಇದ್ದಂಗೆ. ಇದೇ ಥರದ್ದು ಹಳೇ ಫೈಲ್ ಒಂದಿದ್ದರೆ ತನ್ನಿ, ನೋಡ್ಕೊಂಡು ನೋಟ್ ಬರೆದುಬಿಡ್ತೀನಿ" ಎಂದರು. ಅವರ ಕಚೇರಿಯ ಹಳೆಯ ಕಡತವನ್ನು ನಾನು ಎಲ್ಲಿಂದ ತರಬೇಕು ಎಂದು ಕೇಳಿದೆ. "ಅದೇ ನೋಡಿ ತೊಂದರೆ, ನಮ್ಮಲ್ಲೂ ಇಲ್ಲ" ಎಂದು ಅವರು ನನ್ನ ದುಃಖದಲ್ಲಿ ಭಾಗಿಯಾದರು.

ಇಲ್ಲದಿದ್ದುದಕ್ಕೆ ಕಾರಣ ಸರಳವಾಗಿತ್ತು. ನಮ್ಮ ಊರಿನಲ್ಲಿ ಈವರೆಗೆ ಖಾಸಗಿಯಾಗಿ ದನ, ನಾಯಿಗಳಿಗೆ ಔಷಧಿ ಕೊಟ್ಟವರೆಲ್ಲರೂ ಸ್ಕೂಟರಿನ ಹ್ಯಾಂಡಲ್‌ಗೆ ಚೀಲ ನೇತುಹಾಕಿಕೊಂಡು ಮನೆಮನೆಗೆ ಹೋದವರು, ಇಲ್ಲವೇ ತಮ್ಮ ಮನೆಯ ಜಗಲಿಯಲ್ಲಿ ಬೋರ್ಡಿಲ್ಲದೆ ಕುಳಿತವರು. ಅನುಮತಿ ಕೇಳದ ಅವರಿಗೆ ಅನುಮತಿಯ ತೊಂದರೆಯೂ ಬಂದಿರಲಿಲ್ಲ. ಕೇಳಿಯೇ ತೆರೆಯುತ್ತೇನೆಂದು ಹೊರಟ ಮೊದಲಿಗ ನಾನಾದೆ. ಸರ್ಕಾರಿ ಕಚೇರಿಯಲ್ಲಿ ಮೊದಲಿಗನಾಗುವುದರಷ್ಟು ಅಪಶಕುನ ಬೇರೊಂದಿಲ್ಲವೆಂಬುದನ್ನು, ಜೀವಮಾನವೆಲ್ಲ ಅದೇ ಸರ್ಕಾರದ ಇನ್ನೊಂದು ಇಲಾಖೆಯಲ್ಲಿ "ಪೂರ್ವನಿದರ್ಶನವಿಲ್ಲ" ಎಂದು ಟಿಪ್ಪಣಿ ಬರೆದ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಳೆಯ ಕಡತವಿಲ್ಲದಿದ್ದರೇನು, ಕಂಪ್ಯೂಟರ್ ಇದೆಯಲ್ಲ ಎಂದು ಗುಮಾಸ್ತರು ಉದ್ದಿಮೆಗಳ ಪಟ್ಟಿಯನ್ನು ತೆರೆದರು. ಪ್ರಾಣಿಗಳಿಗೆ ಸಂಬಂಧಿಸಿದಂತೆ ಅದರಲ್ಲಿ ಕೋಳಿ ಅಂಗಡಿಯಿತ್ತು, ಮಾಂಸದ ಅಂಗಡಿಯಿತ್ತು, ಮೀನು ಮಾರಾಟವಿತ್ತು, ಹಿಂಡಿ ಮತ್ತು ಪಶು ಆಹಾರದ ಮಾರಾಟವಿತ್ತು. ಅಂದರೆ ಆ ಪಟ್ಟಿಯ ಲೆಕ್ಕದಲ್ಲಿ ಪ್ರಾಣಿಗಳಿಗೆ ತಿನ್ನುವುದು ಮತ್ತು ತಿನ್ನಿಸಿಕೊಳ್ಳುವುದು ಬಿಟ್ಟರೆ ಮೂರನೆಯ ವ್ಯವಹಾರವಿರಲಿಲ್ಲ. ಕಾಯಿಲೆ ಬೀಳುವ ಸೌಲಭ್ಯವನ್ನು ಅವಕ್ಕೆ ಒದಗಿಸಿರಲಿಲ್ಲ. "ಇತರೆ" ಎಂಬುದನ್ನು ಒತ್ತಿದರೆ ಕಡತ ಮೇಲಿನವರ ಬಳಿಗೆ ಹೋಗುತ್ತದೆ, ಮೇಲಿನವರು ಮೀಟಿಂಗಿನಲ್ಲಿರುತ್ತಾರೆ, ಆದ್ದರಿಂದ ಅದು ಬೇಡವೆಂದು ಗುಮಾಸ್ತರು ನನ್ನ ಹಿತದೃಷ್ಟಿಯಿಂದಲೇ ತೀರ್ಮಾನಿಸಿ "ಆಸ್ಪತ್ರೆ / ಕ್ಲಿನಿಕ್" ಎಂಬುದನ್ನು ಒತ್ತಿದರು. ಒತ್ತಿದ ತಕ್ಷಣ ಕಂಪ್ಯೂಟರ್, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರವನ್ನು ಲಗತ್ತಿಸುವಂತೆ ಕೇಳಿತು.

2007ರ ಆ ಕಾಯ್ದೆ ಮನುಷ್ಯರ ಆಸ್ಪತ್ರೆಗಳಿಗೆ ಸಂಬಂಧಿಸಿದ್ದು. ಇದು ನನಗೆ ಗೊತ್ತಿತ್ತು, ಗುಮಾಸ್ತರಿಗೂ ಗೊತ್ತಿತ್ತು, ಕಂಪ್ಯೂಟರಿಗೆ ಮಾತ್ರ ಗೊತ್ತಿರಲಿಲ್ಲ. ಅನ್ವಯಿಸುವುದಿಲ್ಲವೆಂದು ಆರೋಗ್ಯ ಇಲಾಖೆಯವರಿಂದ ಒಂದು ಹಿಂಬರಹ ತಂದರೆ ಸಾಕು ಎಂದರು. ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಕುಳಿತಿದ್ದವರು ನನ್ನ ಮಾತನ್ನು ಗಂಭೀರವಾಗಿ ಆಲಿಸಿ, ಅನ್ವಯಿಸುವುದಾದರೆ ಅನ್ವಯಿಸುತ್ತದೆಂದು ಪತ್ರ ಕೊಡಲು ಅವಕಾಶವಿದೆ, ಅನ್ವಯಿಸುವುದಿಲ್ಲವಾದ್ದರಿಂದ ನನಗೂ ತಮ್ಮ ಇಲಾಖೆಗೂ ಸಂಬಂಧವಿಲ್ಲ, ಸಂಬಂಧವಿಲ್ಲದವರಿಗೆ ಪತ್ರ ಕೊಡಲು ಬರುವುದಿಲ್ಲ ಎಂದು ವಿವರಿಸಿದರು. ತರ್ಕದಲ್ಲಿ ಕುಂದು ಹುಡುಕುವಂತಿರಲಿಲ್ಲ. ಕೊನೆಗೆ, "ಸದರಿ ಚಿಕಿತ್ಸಾಲಯದಲ್ಲಿ ಮನುಷ್ಯರಿಗೆ ಯಾವುದೇ ರೀತಿಯ ಚಿಕಿತ್ಸೆ ನೀಡುವುದಿಲ್ಲವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ" ಎಂದು ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದೆ. ಅದಕ್ಕೆ ಮೊಹರು ಒತ್ತಿದ ನೋಟರಿ ವಕೀಲರು ಹಣ ಪಡೆದ ಮೇಲೆ ತಮ್ಮ ಮಂಡಿನೋವಿಗೆ ಯಾವ ಮುಲಾಮು ಒಳ್ಳೆಯದೆಂದು ವಿಚಾರಿಸಿದರು. ಪ್ರಮಾಣಪತ್ರದ ಶಾಯಿ ಇನ್ನೂ ಒಣಗಿರಲಿಲ್ಲವಾದ್ದರಿಂದ ನಾನು ಮೌನವಾಗಿದ್ದೆ.

ಮುಂದಿನದು ಅಕ್ಕಪಕ್ಕದವರ ನಿರಾಕ್ಷೇಪಣಾ ಪತ್ರ. ಎಡಗಡೆಯ ಕಿರಾಣಿ ಅಂಗಡಿಯವರು ಓದದೆಯೇ ಸಹಿ ಹಾಕಿದರು. ಬಲಗಡೆಯ ನಿವೃತ್ತ ಮೇಷ್ಟ್ರು ಕನ್ನಡಕ ತರಿಸಿಕೊಂಡು ಓದಿ, ಎರಡು ಕಡೆ ಒತ್ತಕ್ಷರ ತಿದ್ದಿ, ಸಹಿಯ ಮೇಲ್ಗಡೆ ತಮ್ಮ ಮುದ್ದಾದ ಕೈಬರಹದಲ್ಲಿ "ರಾತ್ರಿ ಒಂಬತ್ತು ಗಂಟೆಯ ನಂತರ ನಾಯಿಗಳು ಬೊಗಳತಕ್ಕದ್ದಲ್ಲ ಎಂಬ ಷರತ್ತಿಗೆ ಒಳಪಟ್ಟು" ಎಂಬ ಸಾಲನ್ನು ಸೇರಿಸಿದರು. ಷರತ್ತಿನ ಎನ್‌ಒಸಿ ನಡೆಯುವುದಿಲ್ಲವೆಂದು ಗುಮಾಸ್ತರು ಹಿಂದಕ್ಕೆ ಕಳಿಸಿದರು. ಬೀದಿಯಲ್ಲಿ ಈಗಾಗಲೇ ಬೊಗಳುತ್ತಿರುವ ನಾಯಿಗಳು ನನ್ನ ರೋಗಿಗಳಲ್ಲ, ನನ್ನ ರೋಗಿಗಳು ಸಂಜೆಯೇ ಮನೆಗೆ ಹೋಗುತ್ತಾರೆ ಎಂದು ನಾನು ಮೇಷ್ಟ್ರಿಗೆ ಮನವರಿಕೆ ಮಾಡಿಕೊಡುವಷ್ಟರಲ್ಲಿ ಅವರ ಮನೆಯಲ್ಲಿ ಕುಡಿದ ಕಾಫಿಯ ಪ್ರಮಾಣ ನನ್ನ ಸಕ್ಕರೆಯ ಮಟ್ಟಕ್ಕೆ ಒಳ್ಳೆಯದಿರಲಿಲ್ಲ.

ಸ್ಥಳ ಪರಿಶೀಲನೆಗೆ ಆರೋಗ್ಯ ನಿರೀಕ್ಷಕರು ಟೇಪು ಹಿಡಿದು ಬಂದರು. ಕಟ್ಟಡ ಹಳೆಯದು, ಹೆಂಚಿನದು, ಹಿತ್ತಲಿನಲ್ಲಿ ಒಂದು ದೊಡ್ಡ ಹಲಸಿನ ಮರ. ಅದರ ನೆರಳಿನಲ್ಲಿ ದನಗಳನ್ನು ನಿಲ್ಲಿಸಿ ಪರೀಕ್ಷಿಸಲು ಕಬ್ಬಿಣದ ಪೈಪುಗಳ ಟ್ರೆವಿಸ್ ಒಂದನ್ನು ಹುಗಿಸಿದ್ದೆ. ಎರಡು ಬದಿಗೆ ಪೈಪು, ಮುಂದೆ ಕೊರಳು ಸಿಕ್ಕಿಸುವ ಜಾಗ, ಹಿಂದೆ ಅಡ್ಡಕೋಲು, ಮೇಲೆ ಆಕಾಶ. ನಿರೀಕ್ಷಕರು ಅದರ ಉದ್ದಗಲ ಅಳೆದು "ಅನಧಿಕೃತ ಶೆಡ್" ಎಂದು ಬರೆದುಕೊಂಡರು. ಸೂರಿಲ್ಲದ್ದು ಶೆಡ್ ಹೇಗಾದೀತು ಎಂದದ್ದಕ್ಕೆ, ಮುಂದೆ ಸೂರು ಹಾಕುವ ಉದ್ದೇಶವಿರಬಹುದಲ್ಲ ಎಂದರು. ಹಾಕುವ ಉದ್ದೇಶವಿಲ್ಲ, ಹಲಸಿನ ಮರದ ನೆರಳೇ ಸಾಕು ಎಂದು ನಾನು ಹೇಳಿದ ಮೇಲೆ, "ಹಿಂಭಾಗದಲ್ಲಿ ಹಲಸಿನ ಮರವಿದ್ದು ರೋಗಿಗಳಿಗೆ ಸಾಕಷ್ಟು ನೆರಳಿರುತ್ತದೆ" ಎಂದು ವರದಿಯಲ್ಲಿ ತಿದ್ದಿಕೊಂಡರು. ಹೊರಡುವಾಗ ತಮ್ಮ ತೋಟದ ಮನೆಯ ಎಮ್ಮೆ ನಾಲ್ಕು ಸಲ ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಲ್ಲುತ್ತಿಲ್ಲವೆಂದೂ, ಅದನ್ನು ಇದೇ ಶೆಡ್ಡಿಗೆ ಹೊಡೆದುಕೊಂಡು ಬರಬಹುದೇ ಎಂದೂ ಕೇಳಿದರು.

ವಾಸ್ತವವಾಗಿ ಆ ದಿನಗಳಲ್ಲಿ ನನ್ನ ಚಿಕಿತ್ಸಾಲಯ ನಗರಸಭೆಯ ವರಾಂಡದಲ್ಲಿ ಸೊಗಸಾಗಿ ನಡೆಯುತ್ತಿತ್ತು. ದನದ ಡಾಕ್ಟ್ರು ಬೆಂಚಿನ ಮೇಲೆ ಸಿಗುತ್ತಾರೆಂಬ ಸುದ್ದಿ ಹಬ್ಬಿ, ಖಾತೆ ಬದಲಾವಣೆಗೆ ಬಂದವರು ನಾಯಿಯ ಗಜ್ಜಿಯ ಬಗ್ಗೆಯೂ, ನೀರಿನ ಬಿಲ್ಲು ಕಟ್ಟಲು ಬಂದವರು ಕೆಚ್ಚಲು ಬಾವಿನ ಬಗ್ಗೆಯೂ ವಿಚಾರಿಸುತ್ತಿದ್ದರು. ಪರಿಷತ್ತಿನ ನೋಂದಣಿ ಇರುವವನು ಸಲಹೆ ಕೊಡಲು ಕಟ್ಟಡದ ಅಗತ್ಯವಿಲ್ಲವಾದ್ದರಿಂದ ಇದರಲ್ಲಿ ಕಾನೂನಿನ ಉಲ್ಲಂಘನೆಯಾಗಲಿ, ಶುಲ್ಕವಾಗಲಿ ಇರಲಿಲ್ಲ.

ತ್ಯಾಜ್ಯದ ಅರ್ಜಿಯನ್ನು ತುಂಬಿಸಲು ಬಸ್ ನಿಲ್ದಾಣದ ಪಕ್ಕದ ಸೈಬರ್ ಸೆಂಟರಿಗೆ ಹೋದೆ. ನಿಯಮ ಒಳ್ಳೆಯದೇ: ಅಂಗಾಂಶ, ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆಗಳು ಕೆಂಪಿಗೆ, ಸೂಜಿ ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ನನ್ನ ಸರ್ಕಾರಿ ದಿನಗಳಲ್ಲಿ ಎಲ್ಲವೂ ಆಸ್ಪತ್ರೆಯ ಹಿಂದಿನ ಒಂದೇ ಗುಂಡಿಗೆ ಹೋಗುತ್ತಿದ್ದುದನ್ನು ನೆನೆದರೆ ಇದು ದೊಡ್ಡ ಸುಧಾರಣೆ. ಆದರೆ ನಮೂನೆಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಮಲಗುವ ರೋಗಿ. "ಎಷ್ಟು ಬೆಡ್ ಸಾರ್?" ಎಂದು ಹುಡುಗ ಕೇಳಿದ. ಬೆಡ್ ಇಲ್ಲ, ನನ್ನ ರೋಗಿಗಳು ನಿಂತುಕೊಂಡೇ ವಾಸಿಯಾಗುತ್ತಾರೆ ಎಂದೆ. ಸೊನ್ನೆ ಹಾಕಿದ. "ತಿಂಗಳಿಗೆ ಎಷ್ಟು ಪೇಷಂಟ್ ಸಾರ್?" ಕುರಿಗಳಿಗೆ ಪಿಪಿಆರ್ ಎಂಬ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿದ ದಿನ ಒಂದೇ ಹಿಂಡಿನಲ್ಲಿ ಮುನ್ನೂರು ರೋಗಿಗಳಾಗುತ್ತಾರಲ್ಲ ಎಂದು ನಾನು ಯೋಚಿಸುತ್ತಿದ್ದೆ, ಅವನು "ಹಾಗಾದರೆ ಮುನ್ನೂರು ಅಂತಲೇ ಹಾಕ್ತೀನಿ" ಎಂದು ಹಾಕಿಯೇಬಿಟ್ಟ. ಹಾಸಿಗೆ ಸೊನ್ನೆ, ರೋಗಿಗಳು ಮುನ್ನೂರು.

ಪರವಾನಗಿ ಬಂತು. ಬಂದದ್ದು ಮಾರ್ಚ್ ಎರಡನೆಯ ವಾರದಲ್ಲಿ, ಅದರ ಅವಧಿ ಅದೇ ಮಾರ್ಚ್ 31ಕ್ಕೆ ಮುಕ್ತಾಯ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಮೊದಲೇ ನವೀಕರಣದ ಅರ್ಜಿ ಕೊಟ್ಟೆ. ಈ ಸಲ ಗುಮಾಸ್ತರು ನಗುತ್ತಾ, "ಈಗ ಹಳೇ ಫೈಲ್ ಇದೆಯಲ್ಲ ಡಾಕ್ಟ್ರೇ" ಎಂದು ಎರಡೇ ದಿನದಲ್ಲಿ ಮುಗಿಸಿಕೊಟ್ಟರು.

ಆ ಕಡತದ ಪ್ರಯೋಜನ ನನಗಷ್ಟೇ ಸೀಮಿತವಾಗಲಿಲ್ಲ. ಕಳೆದ ವರ್ಷ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪದವಿ ಪಡೆದ ಯುವಕನೊಬ್ಬ ನಮ್ಮ ಊರಿನ ಮುಖ್ಯರಸ್ತೆಯಲ್ಲಿ, ಬೇಕರಿಯ ಮೇಲಿನ ಎರಡನೆಯ ಮಹಡಿಯಲ್ಲಿ, ನಾಯಿ ಬೆಕ್ಕುಗಳಿಗೆಂದೇ ಒಂದು ಕ್ಲಿನಿಕ್ ತೆರೆದ. ಅವನಿಗೆ ಪರವಾನಗಿ ಯಾವ ತಕರಾರೂ ಇಲ್ಲದೆ ಸಿಕ್ಕಿತು. ಮೊನ್ನೆ ಸ್ಥಳ ಪರಿಶೀಲನಾ ವರದಿಯ ಪ್ರತಿಯನ್ನು ಹಿಡಿದುಕೊಂಡು ಬಂದು, "ಸಾರ್, ಮಹಡಿಯ ಹಿಂಭಾಗದಲ್ಲಿ ಹಲಸಿನ ಮರವಿದೆ ಅಂತ ಬರೆದಿದ್ದಾರೆ, ಅರ್ಜಿ ಕೊಟ್ಟು ತಿದ್ದಿಸಲೇ?" ಎಂದು ಕೇಳಿದ. ಸುಮ್ಮನಿರು ಎಂದೆ; ತಿದ್ದುಪಡಿಗೆ ಹಳೇ ಫೈಲ್ ಇಲ್ಲ.