ಸರೋವರವೋ, ಸೇತುವೆ ಮೇಲಿನ ಬಸವಣ್ಣನೋ

ಗಂಡ ಮಲೆನಾಡಿನವರು, ಹೆಂಡತಿ ಬಯಲುಸೀಮೆಯವಳು ಆದರೆ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅನ್ನುವ ಜಗಳ ಮದುವೆಯಾದ ವರ್ಷವೇ ಇತ್ಯರ್ಥವಾಗಿಬಿಡುತ್ತದೆ. (ನಮ್ಮಲ್ಲಿ ಹಾಕುವುದಿಲ್ಲ. ಅವರು ಬಟ್ಟಲಿಗೆ ಹಾಕಿಕೊಳ್ಳುತ್ತಾರೆ.) ರಜೆ ಬಂದರೆ ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಇಂಗ್ಲೆಂಡಿಗೆ ಬಂದರೂ ಬಗೆಹರಿದಿಲ್ಲ. ನಾವಿರುವುದು ರೆಡಿಂಗ್‌ನಲ್ಲಿ. ಆಗಸ್ಟ್‌ನ ಕೊನೆಯ ಸೋಮವಾರ ಇಲ್ಲಿ ಬ್ಯಾಂಕ್ ಹಾಲಿಡೇ. ಶುಕ್ರವಾರ ಒಂದು ರಜೆ ಹಾಕಿದರೆ ಒಂದು ಸಣ್ಣ ಪ್ರವಾಸ ಆಗುತ್ತದೆ. ಊಟದ ಮೇಜಿನ ಮೇಲೆ ಎರಡು ಹೆಸರು ಬಂದು ಕೂತವು: ದೂರದ ಉತ್ತರದ ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್, ಪಕ್ಕದ ಗುಡ್ಡ-ಹಳ್ಳಿಗಳ ಸೀಮೆ ಕಾಟ್ಸ್‌ವೋಲ್ಡ್ಸ್.

ನನಗೆ ಲೇಕ್ ಡಿಸ್ಟ್ರಿಕ್ಟೇ ಆಗಬೇಕು. ನಾನು ಚಿಂತಾಮಣಿ ಕಡೆಯವಳು. ಸಾವಿರದಿನ್ನೂರು ಅಡಿ ಬೋರ್ ಕೊರೆಸಿದರೂ ಧೂಳೇ ಬರುವ ಸೀಮೆಯಲ್ಲಿ ಬೆಳೆದವಳಿಗೆ, ಹದಿನೇಳು ಕಿಲೋಮೀಟರ್ ಉದ್ದದ ವಿಂಡರ್‌ಮಿಯರ್ ಸರೋವರ ಎಂದರೆ ಬಾಯಲ್ಲೂ ನೀರು ಬರುತ್ತದೆ. ನಮ್ಮವರು ತೀರ್ಥಹಳ್ಳಿಯವರು. ಆಗುಂಬೆ ಅವರ ಪಕ್ಕದ ಊರು.

"ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಏನಿದೆ? ಮಳೆ, ಬೆಟ್ಟ, ಜಾರಿಕೆ. ನಮ್ಮೂರಲ್ಲಿ ಮಳೆ ಬಂದ್ರೆ ಶಾಲೆಗೆ ರಜೆ ಕೊಡ್ತಿದ್ರು. ಇಲ್ಲಿ ಮಳೆ ನೋಡೋಕೆ ನಾನು ರಜೆ ಹಾಕ್ಬೇಕಾ?" ಅಂದರು.

ನಾನು ಫೋನ್ ತೆಗೆದು, ಅಲ್ಲಿನ ಸೀತ್‌ವೇಟ್ ಇಡೀ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಹಳ್ಳಿ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಎಂದು ಹೆಮ್ಮೆಯಿಂದ ಓದಿದೆ. "ಆಗುಂಬೆಯಲ್ಲಿ ಅದರ ದುಪ್ಪಟ್ಟು ಬೀಳುತ್ತೆ" ಅಂದರು. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ ಅಲ್ಲೇ ಇದೆ, 978 ಮೀಟರ್ ಅಂದೆ. "ಕೊಡಚಾದ್ರಿ 1343" ಅಂದರು. ಈ ಮನುಷ್ಯನಿಗೆ ಮದುವೆಯ ತಾರೀಖು ನೆನಪಿರುವುದಿಲ್ಲ, ಕೊಡಚಾದ್ರಿಯ ಎತ್ತರ ಮಾತ್ರ ನಾಲಿಗೆ ತುದಿಯಲ್ಲಿರುತ್ತದೆ.

ನಾನೂ ಬಿಡಲಿಲ್ಲ. ಕಾಟ್ಸ್‌ವೋಲ್ಡ್ಸ್‌ನ ತುತ್ತತುದಿ ಕ್ಲೀವ್ ಹಿಲ್, ಬರೀ 330 ಮೀಟರ್. ನಮ್ಮ ಚಿಂತಾಮಣಿ ಬಸ್ ಸ್ಟ್ಯಾಂಡೇ ಅದಕ್ಕಿಂತ ಎಷ್ಟೋ ಎತ್ತರದಲ್ಲಿದೆ. ಬಸ್ ಸ್ಟ್ಯಾಂಡಿಗಿಂತ ಕೆಳಗಿರುವ ಬೆಟ್ಟಕ್ಕೆ ಯಾರಾದರೂ ಪ್ರವಾಸ ಹೋಗುತ್ತಾರೆಯೇ?

ಕೊನೆಯ ಅಸ್ತ್ರವಾಗಿ ವರ್ಡ್ಸ್‌ವರ್ತ್‌ನನ್ನು ಕರೆತಂದೆ. ಹೈಸ್ಕೂಲಿನಲ್ಲಿ ಆ ಹಳದಿ ಹೂವಿನ ಪದ್ಯವನ್ನು ಬಾಯಿಪಾಠ ಮಾಡದೆ ದಾಟಿದವರು ನಮ್ಮಲ್ಲಿ ಕಡಿಮೆ. ಡ್ಯಾಫೊಡಿಲ್ ಹೇಗಿರುತ್ತದೆ ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಸೇವಂತಿಗೆ ಅಂದುಕೊಳ್ಳಿ ಅಂದಿದ್ದರು. ಆತ ಆ ಹೂಗಳನ್ನು ಕಂಡದ್ದು 1802ರ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ. ಜೊತೆಗೆ ತಂಗಿ ಡೊರೊತಿಯೂ ಇದ್ದಳು. ಆಕೆ ತನ್ನ ದಿನಚರಿಯಲ್ಲಿ ಆ ದಿನದ ಗಾಳಿ, ಹೂವು ಎಲ್ಲವನ್ನೂ ಬರೆದಿಟ್ಟಳು. ಅಣ್ಣ ಎರಡು ವರ್ಷ ಬಿಟ್ಟು, ತಾನು ಒಂಟಿಯಾಗಿ ಅಲೆಯುತ್ತಿದ್ದೆ ಎಂದು ಪದ್ಯ ಬರೆದ.

ಸೋಫಾದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ಇದನ್ನು ಕೇಳಿ, "ತಂಗಿ ಜೊತೆಗೇ ಇದ್ಲು, ಒಬ್ಬನೇ ಹೋಗಿದ್ದೆ ಅಂತ ಬರ್ದ. ಗಂಡಸ್ರೇ ಹಾಗೆ ಮಾರಾಯ್ತಿ" ಅಂದರು. ಒಂದು ಓಟು ನನಗೆ ಬಿತ್ತು ಅಂದುಕೊಂಡೆ. "ಆಗಸ್ಟ್‌ನಲ್ಲಿ ಡ್ಯಾಫೊಡಿಲ್ ಇರಲ್ಲಮ್ಮ" ಎಂದು ಮಗರಾಯರು ಅದನ್ನು ಅಲ್ಲೇ ಅಸಿಂಧುಗೊಳಿಸಿದರು.

ಅತ್ತೆಯವರು ಊರಿಂದ ಬಂದು ಒಂದು ತಿಂಗಳಾಗಿತ್ತು. ಯಾವ ಜಾಗದ ಹೆಸರು ಹೇಳಿದರೂ ಅವರದು ಮೂರೇ ಪ್ರಶ್ನೆ. ದಾರಿಯಲ್ಲಿ ಬಾತ್‌ರೂಮ್ ಇದೆಯಾ? ಮೆಟ್ಟಿಲು ಹತ್ತಬೇಕಾ? ದೇವಸ್ಥಾನ ಇದೆಯಾ? ರೆಡಿಂಗ್‌ನಿಂದ ವಿಂಡರ್‌ಮಿಯರ್‌ಗೆ ನಾನೂರು ಕಿಲೋಮೀಟರ್ ದಾಟುತ್ತದೆ, ರಜೆ ದಿನ ಎಂ6 ರಸ್ತೆಯಲ್ಲಿ ಕಾರುಗಳು ನಿಂತೇ ಇರುತ್ತವೆ. ಮೊದಲ ಪ್ರಶ್ನೆಯಲ್ಲೇ ಲೇಕ್ ಡಿಸ್ಟ್ರಿಕ್ಟ್ ಅರ್ಧ ಸೋತಿತು. ಆದರೂ ನನಗೆ ಧೈರ್ಯವಿತ್ತು. ಮೂರನೇ ಪ್ರಶ್ನೆಯಲ್ಲಿ ಎರಡೂ ಫೇಲ್ ಆಗಲೇಬೇಕಲ್ಲ.

ಅಷ್ಟರಲ್ಲಿ ನಮ್ಮವರು ಫೋನಿನಿಂದ ತಲೆಯೆತ್ತಿ, "ಅಮ್ಮಾ, ಇಲ್ನೋಡು, ಬಸವಣ್ಣ!" ಅಂದರು.

ಕಾಟ್ಸ್‌ವೋಲ್ಡ್ಸ್‌ನ ಮೋರ್ಟನ್-ಇನ್-ಮಾರ್ಷ್ ಹತ್ತಿರ ಸೀಜಿನ್‌ಕೋಟ್ ಎಂಬ ಬಂಗಲೆಯಿದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿಕೊಂಡು ಬಂದ ಚಾರ್ಲ್ಸ್ ಕಾಕರೆಲ್ 1805ರ ಸುಮಾರಿಗೆ, ವಾಸ್ತುಶಿಲ್ಪಿಯಾಗಿದ್ದ ತನ್ನ ಅಣ್ಣ ಸ್ಯಾಮ್ಯುಯೆಲ್ ಕೈಯಲ್ಲಿ ಕಟ್ಟಿಸಿದ್ದು. ಮೇಲೆ ತಾಮ್ರದ ಮೊಗಲ್ ಗುಮ್ಮಟ, ಕೆಳಗೆ ಇಂಗ್ಲಿಷ್ ಹುಲ್ಲುಹಾಸು. ಇಂಡಿಯಾ ಸುತ್ತಿ ಚಿತ್ರ ಬರೆದಿದ್ದ ಥಾಮಸ್ ಡೇನಿಯಲ್ ಸಲಹೆಯಂತೆ ತೋಟದಲ್ಲಿ ಸೂರ್ಯನಿಗೊಂದು ಗುಡಿ, ಸೇತುವೆಯ ತಡೆಗೋಡೆಯ ಮೇಲೆ ಕಾಲು ಮಡಿಸಿ ಕೂತ ಬಸವಣ್ಣಗಳು. ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜ 1807ರಲ್ಲಿ ಇಲ್ಲಿಗೆ ಬಂದು ಮರುಳಾಗಿ, ಆಮೇಲೆ ಬ್ರೈಟನ್ನಿನ ತನ್ನ ಅರಮನೆಗೂ ಇಂಥದೇ ಗುಮ್ಮಟ ಏರಿಸಿದ. ಯುವರಾಜನನ್ನೇ ಬೀಳಿಸಿದ ಜಾಗ. ನಮ್ಮತ್ತೆ ಯಾವ ಲೆಕ್ಕ? ಚುನಾವಣೆ ಮುಗಿಯಿತು.

ಒಂದೂವರೆ ಗಂಟೆಯ ದಾರಿ ಎಂದು ನಕ್ಷೆ ಹೇಳಿತು. ನಕ್ಷೆಗೆ ಟ್ರ್ಯಾಕ್ಟರ್ ಕಾಣುವುದಿಲ್ಲ. ದೊಡ್ಡ ರಸ್ತೆ ಬಿಟ್ಟ ಕೂಡಲೇ ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಕಾರಿನಗಲದ ದಾರಿ, ತಿರುವಿನಲ್ಲಿ ಎದುರಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರ್. ಆತ ನಗುತ್ತಾ ಕೈ ಎತ್ತಿದ. ಕೈ ಎತ್ತಿದರೆ "ನೀವೇ ಹಿಂದೆ ಹೋಗಿ" ಎಂದರ್ಥ. ನಮ್ಮವರು ರಿವರ್ಸ್ ಹಾಕಿದರು, ಅತ್ತೆ ಹಿಂದಿನ ಕಿಟಕಿ ಇಳಿಸಿ ತಲೆ ಹೊರಹಾಕಿ, "ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್!" ಅಂದರು. ಹೋಲ್ಡಾನ್ ಅನ್ನುವಷ್ಟರಲ್ಲಿ ಎಡಗಡೆಯ ಕನ್ನಡಿ ಮುಳ್ಳುಬೇಲಿಯೊಳಗೆ ಹೊಕ್ಕಿತ್ತು.

ಸೀಜಿನ್‌ಕೋಟ್ ಮುಟ್ಟಿದಾಗ ಸಣ್ಣಗೆ ಮಳೆ. ಅತ್ತೆ ಕೊಡೆ ಹಿಡಿದು ಸೇತುವೆಯ ಮೇಲೆ ನಿಂತು ಬಸವಣ್ಣನನ್ನು ಎಲ್ಲ ದಿಕ್ಕಿನಿಂದಲೂ ಪರಿಶೀಲಿಸಿದರು. ಲಕ್ಷಣವಾಗಿದ್ದಾನೆ, ಕೊಂಬು ಸರಿಯಿದೆ, ಆದರೆ "ಈಶ್ವರ ಎಲ್ಲಿ?" ಈಶ್ವರನ ಗುಡಿ ಇಲ್ಲ, ಅಲ್ಲಿ ಮೇಲೆ ಇರುವುದು ಸೂರ್ಯ ಎಂದು ನಮ್ಮವರು ತೋರಿಸಿದರು. "ಸೂರ್ಯನ ಹತ್ರ ಬಸವಣ್ಣನ್ನ ಕೂರ್ಸಿದ್ದಾನಾ? ಅಷ್ಟು ದುಡ್ಡು ಸುರಿಯೋನು ಯಾರನ್ನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ?" ಈ ದೇಶದಲ್ಲಿ ಸೂರ್ಯನನ್ನು ಗುಡಿ ಕಟ್ಟಿಸಿಯೇ ನೋಡಬೇಕು ಎಂದು ನನಗನ್ನಿಸಿತು, ಹೇಳಲಿಲ್ಲ.

ಆದರೂ ಬಂದದ್ದು ಬಂದಾಯಿತಲ್ಲ ಎಂದು ಅತ್ತೆ ಬಸವಣ್ಣನ ಕಾಲ ಬಳಿ ಇಪ್ಪತ್ತು ಪೆನ್ನಿಯ ನಾಣ್ಯವಿಟ್ಟು ಕೈಮುಗಿದರು. ನಾವು ಇನ್ನೂ ಹತ್ತು ಹೆಜ್ಜೆ ಹೋಗಿರಲಿಲ್ಲ, ತೋಟ ನೋಡಲು ಬಂದಿದ್ದ ಅಜ್ಜಿಯೊಬ್ಬರು ಏದುಸಿರು ಬಿಡುತ್ತಾ ಓಡಿಬಂದು, ನಿಮ್ಮದು ಬಿದ್ದುಹೋಗಿತ್ತು ಎಂದು ಆ ನಾಣ್ಯವನ್ನು ಅತ್ತೆಯ ಕೈಗೇ ಕೊಟ್ಟರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಪರ್ಸಿಗೆ ಹಾಕಿಕೊಂಡರು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನಾವು ಉಳಿದುಕೊಂಡಿದ್ದ ಹಳೇ ಮನೆಯ ಬಾಗಿಲು ಗಿಡ್ಡ. ನಮ್ಮವರು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ತಪ್ಪದೆ ತಲೆ ಬಡಿಸಿಕೊಂಡರು. ಪಬ್‌ನಲ್ಲಿ ಮಧ್ಯಾಹ್ನದ ಅಡುಗೆಮನೆ ಮುಚ್ಚಿದ ಮೇಲೆಯೇ ನಮಗೆ ಹಸಿವಾಗುತ್ತಿತ್ತು, ಹಾಗಾಗಿ ಕಾರಿನ ಡಿಕ್ಕಿಯಲ್ಲಿದ್ದ ಪುಳಿಯೋಗರೆಯೇ ಗತಿ.

ಬೈಬರಿಯ ಆರ್ಲಿಂಗ್ಟನ್ ರೋ ನೋಡಿದೆವು. 14ನೇ ಶತಮಾನದಲ್ಲಿ ಉಣ್ಣೆ ಗೋದಾಮು, ಮೂರು ಶತಮಾನ ಕಳೆದ ಮೇಲೆ ನೇಕಾರರ ಮನೆಗಳು, ಈಗ ಪ್ರಪಂಚದವರೆಲ್ಲ ಬಂದು ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುವ ಜಾಗ. ಈ ಸೀಮೆಯ ಜೇನುಬಣ್ಣದ ಕಲ್ಲುಮನೆ, ದೊಡ್ಡ ದೊಡ್ಡ ಚರ್ಚು ಎಲ್ಲದರ ಹಿಂದಿರುವ ದುಡ್ಡು ಕುರಿಯದು. ಆ ಮನೆಗಳಲ್ಲಿ ಜನ ಇನ್ನೂ ವಾಸವಿದ್ದಾರೆ ಎಂದು ಅತ್ತೆಗೆ ಹೇಳುವಷ್ಟರಲ್ಲಿ ಅವರು ಒಂದು ಕಿಟಕಿಗೆ ಮೂಗು ತಾಗಿಸಿ ಇಣುಕಿಯಾಗಿತ್ತು. ಒಳಗೆ ಚಹಾ ಕುಡಿಯುತ್ತಿದ್ದವರು ಕೈಬೀಸಿದರು. "ತಿಂಡಿ ಆಯ್ತಾ?" ಎಂದು ಅತ್ತೆ ಗಾಜಿನ ಈಚೆಯಿಂದಲೇ ವಿಚಾರಿಸಿಕೊಂಡರು. ನಾವಿಬ್ಬರೂ ಪಾರ್ಕಿಂಗ್ ಹುಡುಕಿಯೇ ಸುಸ್ತಾಗಿದ್ದೆವು. ಹೆನ್ರಿ ಫೋರ್ಡ್ 1930ರಲ್ಲಿ ಇಲ್ಲಿನ ಚೆಡ್‌ವರ್ತ್ ಹಳ್ಳಿಯ ಒಂದು ಮನೆಯನ್ನೇ ಕೊಂಡು, ಕಲ್ಲು ಕಲ್ಲಿಗೂ ನಂಬರು ಹಾಕಿಸಿ ಅಮೆರಿಕಕ್ಕೆ ಸಾಗಿಸಿದನಂತೆ. ಕಾರು ಮಾಡುವವನಿಗೆ ಕಾರು ನಿಲ್ಲಿಸುವ ಕಷ್ಟ ಮೊದಲೇ ಗೊತ್ತಿದ್ದಿರಬೇಕು.

ಸೋಮವಾರ ಬೋರ್ಟನ್-ಆನ್-ದ-ವಾಟರ್. ಅಲ್ಲೊಂದು ಮಾದರಿ ಹಳ್ಳಿಯಿದೆ. ಅದೇ ಊರನ್ನು ಒಂಬತ್ತನೇ ಒಂದರಷ್ಟು ಗಾತ್ರಕ್ಕೆ ಇಳಿಸಿ ಕಲ್ಲಿನಲ್ಲೇ ಕಟ್ಟಿದ್ದು, 1937ರಿಂದ ಇದೆ. ಅದರೊಳಗೆ ಆ ಮಾದರಿಯ ಮಾದರಿ, ಅದರೊಳಗೆ ಇನ್ನೂ ಸಣ್ಣದೊಂದು. "ದೊಡ್ಡದು ಎದುರಿಗೇ ಪುಕ್ಕಟೆ ಇದೆಯಲ್ಲ, ಸಣ್ಣದಕ್ಕೆ ಎಂತಕ್ಕೆ ಟಿಕೆಟ್?" ಎಂದು ಅತ್ತೆ ಹೊರಗೇ ಕೂತರು. ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ, ಮೂವರೂ ಹೊರಗೇ ಕೂತೆವು.

ಊರ ನಡುವೆ ವಿಂಡ್‌ರಶ್ ನದಿ ಹರಿಯುತ್ತದೆ, ಮೀನಖಂಡ ಮುಳುಗಿದರೆ ಹೆಚ್ಚು. ಪ್ರತಿ ವರ್ಷ ಈ ಸೋಮವಾರ ನದಿಯೊಳಗೇ ಗೋಲುಕಂಬ ನೆಟ್ಟು ಫುಟ್ಬಾಲ್ ಆಡುತ್ತಾರೆ. ನೂರು ವರ್ಷಕ್ಕೂ ಹಳೆಯ ಪದ್ಧತಿ. ನಮ್ಮವರು ಅನುಭವಸ್ಥರು, ದೂರದ ಮರದಡಿ ಕೊಡೆ ಬಿಚ್ಚಿ ನಿಂತರು. ನಾನು ಅತ್ತೆಯನ್ನು ಕರೆದುಕೊಂಡು ದಡದ ಅಂಚಿಗೇ ಹೋದೆ. ಚೆಂಡು ಒಮ್ಮೆ ಪುಟಿದು ಅತ್ತೆಯ ಚಪ್ಪಲಿಯ ಬಳಿ ಬಂತು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಚೆಂಡೆತ್ತಿ ಎಸೆದರು. ಅದು ಸರಿಯಾಗಿ ನನ್ನ ಮುಂದಿನ ನೀರಿಗೇ ಬಿತ್ತು. ಎರಡೂ ತಂಡದ ಹನ್ನೆರಡು ಗಂಡಸರು ಅದರ ಮೇಲೆ ಬಿದ್ದರು. ವಿಂಡ್‌ರಶ್ ನದಿಯ ಆ ಭಾಗವಷ್ಟೂ ಎದ್ದು ನನ್ನ ಮೇಲೆ ಬಂತು.

"ನೀರು ಬೇಕು ಅಂತಿದ್ದೆಯಲ್ಲ" ಅಂದರು ನಮ್ಮವರು, ಕೊಡೆಯಡಿಯಿಂದ.

ಬದಲಿ ಬಟ್ಟೆಯ ಚೀಲ ಆ ಗಿಡ್ಡ ಬಾಗಿಲಿನ ಮನೆಯಲ್ಲೇ ಇತ್ತು. ಡಿಕ್ಕಿಯಲ್ಲಿದ್ದದ್ದು ಅತ್ತೆಯ ಒಂದು ಇಳಕಲ್ ಸೀರೆ, ಬಸವಣ್ಣನ ದರ್ಶನಕ್ಕೆಂದು ತಂದು ಮಳೆಗೆ ಹೆದರಿ ಉಡದೆ ಉಳಿಸಿದ್ದು. ಕಾರಿನ ಮರೆಯಲ್ಲಿ ಹೇಗೋ ಸುತ್ತಿಕೊಂಡು, ಕಾಲಿಗೆ ಒದ್ದೆ ಶೂ ಹಾಕಿಕೊಂಡು ಪಂದ್ಯದ ಉಳಿದರ್ಧಕ್ಕೆ ಹಾಜರಾದೆ. ಪಕ್ಕದಲ್ಲಿದ್ದ ಹೆಂಗಸು ಸೀರೆಯ ಕೆಂಪು ಸೆರಗು ನೋಡಿ, ಇವತ್ತು ನಿಮ್ಮಲ್ಲಿ ಏನಾದರೂ ಹಬ್ಬವೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, ಹಬ್ಬ ಏನಿಲ್ಲ, ನಮ್ಮ ಕಡೆ ಫುಟ್ಬಾಲ್ ನೋಡಲು ಹೆಂಗಸರು ಹೀಗೇ ಬರುವುದು ಅಂದರು. ಆಕೆ ನಂಬಿ, ತಮ್ಮ ಮನೆಯವರನ್ನೂ ಕರೆದು ತೋರಿಸಿದರು.